ಮಾಯದ ಗಾಯಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಮದ್ದು

2006ನೆಯ ಇಸವಿ ಜುಲೈ 11ರ ಸಂಜೆ ಮುಂಬಯಿಯ ಪಶ್ಚಿಮ ರೈಲ್ವೆಯ ಉಪನಗರ ಗಾಡಿಗಳಲ್ಲಿ 11 ನಿಮಿಷಗಳ ಅವಧಿಯಲ್ಲಿ 7 ಬಾಂಬುಗಳು ಸಿಡಿದವು. 180ಕ್ಕೂ ಹೆಚ್ಚು ಮಂದಿ ಅಸುನೀಗಿದರು. ನೂರಾರು ಜನ ಗಾಯಗೊಂಡರು. ಮರುದಿನ ಬೆಳಗ್ಗೆ ಗಾಡಿಗಳು ಎಂದಿನಂತೆ ಓಡಿದವು, ಜನ ಎಂದಿನಂತೆ ಹತ್ತಿದರು. ಇದು ಮಹಾನಗರದ ಧೈರ್ಯವೆಂದು ಪತ್ರಿಕೆಗಳು ಕೊಂಡಾಡಿದವು. ಧೈರ್ಯ ಇದ್ದದ್ದು ನಿಜವೇ. ಆದರೆ ಮರುದಿನ ಗಾಡಿ ಹತ್ತಿದವರಲ್ಲಿ ಎಷ್ಟು ಮಂದಿ ತಿಂಗಳುಗಟ್ಟಲೆ ನಿದ್ದೆ ಬಾರದೆ ಹೊರಳಿದರು, ಎಷ್ಟು ಮಂದಿ ಡಬ್ಬಿಯಲ್ಲಿ ವಾರಸುದಾರರಿಲ್ಲದ ಒಂದು ಚೀಲವನ್ನು ಕಂಡೊಡನೆ ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟರು, ಎಂಬ ಲೆಕ್ಕವನ್ನು ಇಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಗಾಯಾಳುಗಳ ಪಟ್ಟಿಗೆ ಸೇರಬೇಕಾದರೆ ರಕ್ತ ಹರಿದಿರಬೇಕು.

ಇದಕ್ಕೆ ಒಂದು ವರ್ಷ ಮೊದಲು, 2005ರ ಜುಲೈ 7ರಂದು, ಲಂಡನ್ ನಗರದ ಭೂಗತ ರೈಲುಗಳಲ್ಲಿಯೂ ಒಂದು ಬಸ್ಸಿನಲ್ಲಿಯೂ ಇಂಥದೇ ಕೃತ್ಯ ನಡೆದು 52 ಮಂದಿ ಮಡಿದಿದ್ದರು. ಅಲ್ಲಿನ ಆರೋಗ್ಯ ಇಲಾಖೆ ಅನಂತರ ಕೈಗೊಂಡ ಕ್ರಮ ವಿಚಾರಾರ್ಹವಾದದ್ದು. ರೋಗಿಗಳು ತಾವಾಗಿಯೇ ವೈದ್ಯರ ಬಾಗಿಲಿಗೆ ಬರಲಿ ಎಂದು ಕಾದು ಕುಳಿತುಕೊಳ್ಳದೆ, ಸ್ಫೋಟದ ಸ್ಥಳದಲ್ಲಿದ್ದವರನ್ನು ಹುಡುಕಿ, ಅವರಿಗೆ ಸಣ್ಣ ಪ್ರಶ್ನಾವಳಿಯೊಂದನ್ನು ಕಳುಹಿಸಲಾಯಿತು. ಉತ್ತರಗಳಿಂದ ತೊಂದರೆಯ ಸುಳಿವು ದೊರೆತವರನ್ನು ಮಾತ್ರ ಕರೆಸಿ ವಿವರವಾಗಿ ಪರೀಕ್ಷಿಸಿ, ಅಗತ್ಯವಿದ್ದವರಿಗೆ ಚಿಕಿತ್ಸೆ ನೀಡಲಾಯಿತು. ಹೀಗೆ ಪತ್ತೆಯಾದವರಲ್ಲಿ ತಮ್ಮ ಕುಟುಂಬ ವೈದ್ಯರ ಮೂಲಕ ಬಂದವರು ತೀರ ಕಡಿಮೆ. ಹುಡುಕದೆ ಹೋಗಿದ್ದರೆ ಉಳಿದವರು ಕತ್ತಲಲ್ಲಿಯೇ ಉಳಿಯುತ್ತಿದ್ದರು.

ಈ ಕಾಯಿಲೆಗೆ ವೈದ್ಯಶಾಸ್ತ್ರ ಕೊಟ್ಟಿರುವ ಹೆಸರು ಆಘಾತೋತ್ತರ ಒತ್ತಡ ರೋಗ. ಇಂಗ್ಲಿಷಿನ ಮೊದಲಕ್ಷರಗಳಿಂದ ಪಿ.ಟಿ.ಎಸ್.ಡಿ. ಎಂದು ಬಳಕೆಯಲ್ಲಿದೆ. ಹೆಸರು ಹೊಸದಾದರೂ ಕಾಯಿಲೆ ಹಳೆಯದು. ಬ್ರಿಟನ್ನಿನಲ್ಲಿ ರೈಲು ಅಪಘಾತಗಳಿಂದ ಪಾರಾಗಿಯೂ ಚೇತರಿಸಿಕೊಳ್ಳದವರ ವಿಷಯವಾಗಿ ಜಾನ್ ಎರಿಕ್ಸನ್ ಎಂಬ ಶಸ್ತ್ರವೈದ್ಯರು 1866ರಲ್ಲಿಯೇ ಪುಸ್ತಕ ಬರೆದರು. ಬೆನ್ನುಹುರಿಗೆ ತಗುಲಿದ ಪೆಟ್ಟೇ ಇದಕ್ಕೆ ಕಾರಣವೆಂದು ಅವರು ಭಾವಿಸಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಕಂದಕಗಳಿಂದ ನಡುಗುತ್ತ ಹಿಂದಿರುಗಿದ ಸಿಪಾಯಿಗಳನ್ನು ಕುರಿತು ಚಾರ್ಲ್ಸ್ ಮೈಯರ್ಸ್ ಅವರು 1915ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದಾಗ 'ಷೆಲ್ ಷಾಕ್' ಎಂಬ ಮಾತು ಪ್ರಚಾರಕ್ಕೆ ಬಂದಿತು. ವಿಯೆಟ್ನಾಂ ಯುದ್ಧದಿಂದ ಮರಳಿದವರ ಗೋಳನ್ನು ಕಂಡ ಮೇಲೆ, 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಪಟ್ಟಿಯಲ್ಲಿ ಇದಕ್ಕೆ ಅಧಿಕೃತ ಸ್ಥಾನ ಕೊಟ್ಟಿತು.

ಯುದ್ಧದ ಕಾಯಿಲೆ, ಬಾಂಬಿನ ಕಾಯಿಲೆ ಎಂದು ಇದನ್ನು ದೂರ ಸರಿಸುವಂತಿಲ್ಲ. ಡೊಂಬಿವಲಿಯಿಂದ ದಿನಾಲು ಕೋಟೆ ಭಾಗದ ಕಚೇರಿಗೆ ಹೋಗಿಬರುವ ಒಬ್ಬ ಗುಮಾಸ್ತರನ್ನು ಊಹಿಸಿಕೊಳ್ಳಬಹುದು. ಕಿಕ್ಕಿರಿದ ಗಾಡಿಯ ಬಾಗಿಲಲ್ಲಿ, ಕೈಯಳತೆಯ ದೂರದಲ್ಲಿ ನಿಂತಿದ್ದ ಸಹಪ್ರಯಾಣಿಕನೊಬ್ಬ ಕಣ್ಣೆದುರಿಗೇ ಜಾರಿ ಹಳಿಯ ಪಾಲಾದನು. ಗುಮಾಸ್ತರ ಮೈಗೆ ಒಂದು ಗೀರೂ ಬೀಳಲಿಲ್ಲ. ಆದರೆ ಎರಡು ತಿಂಗಳು ಕಳೆದರೂ ಗಾಡಿ ಬ್ರೇಕು ಹಾಕುವ ಸದ್ದಿಗೆ ಅವರ ಎದೆ ನಗಾರಿಯಾಗುತ್ತದೆ. ರಾತ್ರಿ ಅದೇ ದೃಶ್ಯ. ಅದು ನೆನಪೆನಿಸುವುದಿಲ್ಲ, ಆಗ ತಾನೇ ನಡೆಯುತ್ತಿರುವಂತೆ ತೋರುತ್ತದೆ. ಗಾಡಿಯನ್ನು ಬಿಟ್ಟು ಬಸ್ಸು ಹಿಡಿಯುತ್ತಾರೆ. ಕಚೇರಿಗೆ ನಿತ್ಯ ತಡ. ಹಾಜರಿ ಪುಸ್ತಕದಲ್ಲಿ ಕೆಂಪು ಗುರುತು. 'ಕೈ ಚಾಚಿದ್ದರೆ ಅವನನ್ನು ಹಿಡಿಯಬಹುದಿತ್ತು' ಎಂಬ ಕೊರಗು ಒಳಗೇ ಕೊರೆಯುತ್ತದೆ. ಮಕ್ಕಳ ಮೇಲೆ ಕಾರಣವಿಲ್ಲದೆ ರೇಗುತ್ತಾರೆ. ನೆರೆಮನೆಯವರು 'ಮರೆತುಬಿಡಿ ರಾಯರೇ, ಮುಂಬಯಿಯಲ್ಲಿ ಇದೆಲ್ಲ ಇದ್ದದ್ದೇ' ಎನ್ನುತ್ತಾರೆ. ಊರಿನಿಂದ ಅತ್ತೆಯವರು ತಾಯಿತ ಕಳುಹಿಸುತ್ತಾರೆ. ರೋಗದ ನಾಲ್ಕು ಮುಖಗಳೂ ಇಲ್ಲಿವೆ: ಬೇಡವೆಂದರೂ ನುಗ್ಗಿ ಬರುವ ದೃಶ್ಯ, ಅದನ್ನು ನೆನಪಿಸುವುದರಿಂದ ದೂರ ಓಡುವುದು, ತನ್ನ ಬಗ್ಗೆಯೂ ಲೋಕದ ಬಗ್ಗೆಯೂ ಕವಿದ ಕಪ್ಪು ಭಾವನೆ, ಸದಾ ಎಚ್ಚರದಲ್ಲಿ ಬಿಗಿದುಕೊಂಡಿರುವ ನರಮಂಡಲ. ಇವು ಒಂದು ತಿಂಗಳಿಗೂ ಮೀರಿ ಉಳಿದು ಬಾಳನ್ನು ಕೆಡಿಸುತ್ತಿದ್ದರೆ ಮಾತ್ರ ವೈದ್ಯರು ರೋಗವೆಂದು ಕರೆಯುತ್ತಾರೆ. ಆಘಾತವನ್ನು ತಾನೇ ಅನುಭವಿಸಿರಬೇಕೆಂದಿಲ್ಲ. ಕಣ್ಣಾರೆ ಕಂಡದ್ದೂ ಸಾಕು.

ಒಳಗೆ ಆಗುವುದೇನು? ಆಂಕೆ ಏಲರ್ಸ್ ಮತ್ತು ಡೇವಿಡ್ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞರು 2000ದಲ್ಲಿ ಮಂಡಿಸಿದ ವಿವರಣೆಯನ್ನು ಲೆಕ್ಕಪತ್ರದ ಭಾಷೆಯಲ್ಲಿ ಹೀಗೆ ಹೇಳಬಹುದು. ದಿನನಿತ್ಯದ ಅನುಭವಗಳೆಲ್ಲ ತಾರೀಖು ಹೊತ್ತು ಖಾತೆ ಪುಸ್ತಕಕ್ಕೆ ಏರಿಬಿಡುತ್ತವೆ. 'ಇದು ಮುಗಿದದ್ದು' ಎಂಬ ಮೊಹರು ಬೀಳುತ್ತದೆ. ಆಘಾತದ ಗಳಿಗೆ ಮಾತ್ರ ಜಮಾಖರ್ಚಿಗೆ ಏರದೆ ಮೇಜಿನ ಡ್ರಾಯರಿನಲ್ಲಿ ತುರುಕಿಟ್ಟ ವೋಚರಿನಂತೆ ಉಳಿಯುತ್ತದೆ. ಡ್ರಾಯರು ಎಳೆದಾಗಲೆಲ್ಲ ಅದು ಕೆಳಗೆ ಬೀಳುತ್ತದೆ. ತಾರೀಖಿಲ್ಲದ ಕಾರಣ ಅದು ಇಂದಿನದೇ ಎಂದು ಮನಸ್ಸು ಬಗೆದು ಬೆಚ್ಚುತ್ತದೆ. ಡ್ರಾಯರಿಗೆ ಬೀಗ ಹಾಕುವುದು, ಎಂದರೆ ಆ ವಿಷಯವನ್ನು ಎತ್ತದಿರುವುದು, ಪರಿಹಾರವಾಗದು. ವೋಚರನ್ನು ಹೊರತೆಗೆದು, ಓದಿ, ತಪ್ಪಿದ್ದರೆ ತಿದ್ದಿ, ಸರಿಯಾದ ಪುಟದಲ್ಲಿ ಬರೆಯಬೇಕು. ನುರಿತ ಚಿಕಿತ್ಸಕರ ಆಸರೆಯಲ್ಲಿ ಆ ಘಟನೆಯನ್ನು ಮರುಮರಳಿ ಹೇಳುವುದು ಅಥವಾ ಬರೆಯುವುದು, 'ಹಿಡಿಯಬಹುದಿತ್ತು' ಎಂಬಂಥ ತೀರ್ಮಾನಗಳನ್ನು ಪರೀಕ್ಷೆಗೊಡ್ಡುವುದು, ಬಿಟ್ಟುಬಿಟ್ಟ ಗಾಡಿಯನ್ನು ಮತ್ತೆ ಹತ್ತುವುದು: ಆಘಾತಕೇಂದ್ರಿತ ಮನೋಚಿಕಿತ್ಸೆಯ ತಿರುಳು ಇಷ್ಟೇ. ಸಾಮಾನ್ಯವಾಗಿ 8ರಿಂದ 12 ಬೈಠಕ್ಕುಗಳು. ಕಣ್ಣುಗಳ ಚಲನೆಯನ್ನು ಬಳಸಿಕೊಳ್ಳುವ, ಫ್ರಾನ್ಸಿನ್ ಶಪೀರೊ ಅವರು 1980ರ ದಶಕದ ಕೊನೆಯಲ್ಲಿ ರೂಪಿಸಿದ ಇ.ಎಂ.ಡಿ.ಆರ್. ಎಂಬ ಮತ್ತೊಂದು ಪದ್ಧತಿಯೂ ಮಾನ್ಯವಾಗಿದೆ.

ಹಾಗಾದರೆ ಆಘಾತ ಕಂಡವರೆಲ್ಲರಿಗೂ ಕೂಡಲೇ ಇಂಥ ಚಿಕಿತ್ಸೆ ಕೊಡಬೇಕಲ್ಲವೇ ಎಂದು ಯಾರಿಗಾದರೂ ತೋರಬಹುದು. ಒಂದು ಕಾಲಕ್ಕೆ ವೈದ್ಯರಿಗೂ ಹಾಗೆಯೇ ತೋರಿತ್ತು. ಜೆಫ್ರಿ ಮಿಚೆಲ್ ಎಂಬವರು 1983ರಲ್ಲಿ ಪ್ರಚುರಪಡಿಸಿದ ಪದ್ಧತಿಯನ್ನು ಅನುಸರಿಸಿ, ದುರಂತವಾದ ಒಂದೆರಡು ದಿನಗಳೊಳಗೇ ಬದುಕುಳಿದವರನ್ನು ಕೂರಿಸಿ ನಡೆದದ್ದನ್ನೆಲ್ಲ ಬಾಯಿಬಿಡಿಸುವುದು ಹಲವು ದೇಶಗಳಲ್ಲಿ ರೂಢಿಯಾಯಿತು. ವೇಲ್ಸ್ ಪ್ರಾಂತದ ಮನೋವೈದ್ಯ ಜೊನಾಥನ್ ಬಿಸ್ಸನ್ ಮತ್ತು ಸಂಗಡಿಗರು ಇದನ್ನು ಸುಟ್ಟಗಾಯದ ರೋಗಿಗಳಲ್ಲಿ ಪರೀಕ್ಷೆಗೆ ಹಚ್ಚಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. 13 ತಿಂಗಳ ಬಳಿಕ ನೋಡಿದಾಗ, ಹೀಗೆ ಬಾಯಿಬಿಡಿಸಲಾಗಿದ್ದವರಲ್ಲಿ ನೂರಕ್ಕೆ 26 ಮಂದಿಗೆ ರೋಗವಿದ್ದರೆ, ಸುಮ್ಮನೆ ಬಿಟ್ಟಿದ್ದವರಲ್ಲಿ ನೂರಕ್ಕೆ 9 ಮಂದಿಗೆ ಮಾತ್ರ ಇತ್ತು! ಮೊದಲ ಗುಂಪಿನವರ ಗಾಯಗಳು ಆರಂಭದಲ್ಲಿಯೇ ಹೆಚ್ಚು ತೀವ್ರವಾಗಿದ್ದವೆಂಬ ಅಂಶ ಇದ್ದರೂ, ಉಪಕಾರವಾಗಲಿಲ್ಲವೆಂಬುದಂತೂ ಸ್ಪಷ್ಟವಾಯಿತು. ಮುಂದಿನ ಪರಿಶೀಲನೆಗಳೂ ಇದನ್ನೇ ಹೇಳಿದವು. ಈಗ ಬ್ರಿಟನ್ನಿನ ಮಾರ್ಗದರ್ಶಿ ಸೂತ್ರಗಳು ಈ ಪದ್ಧತಿಯನ್ನು ನೇರವಾಗಿ ಬೇಡವೆನ್ನುತ್ತವೆ. ಸಾವಿನ ಮನೆಗೆ ಹೋದವರು 'ಹೇಗಾಯಿತು, ಎಲ್ಲ ಹೇಳಿ' ಎಂದು ಕೆದಕುವ ನಮ್ಮ ಚಾಳಿಗೂ ಇದರಲ್ಲಿ ಒಂದು ಪಾಠವಿದ್ದೀತು.

ಕೆದಕದಿರಲು ಇನ್ನೊಂದು ಕಾರಣವೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ನೂರರಲ್ಲಿ 70 ಮಂದಿ ತಮ್ಮ ಜೀವಮಾನದಲ್ಲಿ ಒಮ್ಮೆಯಾದರೂ ಆಘಾತಕಾರಿ ಘಟನೆಗೆ ಸಿಲುಕುತ್ತಾರೆ. ಆದರೆ ಅಂಥವರಲ್ಲಿ ಈ ರೋಗಕ್ಕೆ ತುತ್ತಾಗುವವರು ನೂರಕ್ಕೆ 6ಕ್ಕಿಂತ ಕಡಿಮೆ. ರೋಗ ತಗುಲಿದವರಲ್ಲಿಯೂ ನೂರಕ್ಕೆ 40ರಷ್ಟು ಮಂದಿ ಒಂದು ವರ್ಷದೊಳಗೆ ಚೇತರಿಸಿಕೊಳ್ಳುತ್ತಾರೆ. ಎಲ್ಲರಿಗೂ ದೊಡ್ಡ ಚಿಕಿತ್ಸೆ ಕೊಡಹೊರಟರೆ ಬೇಡದವರಿಗೆ ವ್ಯರ್ಥ, ಬೇಕಾದವರಿಗೆ ಅಭಾವ. ಇಲ್ಲಿಯೇ ಮೆಟ್ಟಿಲು ಪದ್ಧತಿಯ ವಿಚಾರ ಹುಟ್ಟುವುದು.

ಬ್ಯಾಂಕಿನ ವ್ಯವಹಾರ ಬಲ್ಲವರಿಗೆ ಇದು ಹೊಸದೆನಿಸದು. ಸಣ್ಣ ಸಾಲವನ್ನು ಶಾಖೆಯ ವ್ಯವಸ್ಥಾಪಕರೇ ಮಂಜೂರು ಮಾಡುತ್ತಾರೆ. ಅವರ ಅಧಿಕಾರಮಿತಿಯನ್ನು ಮೀರಿದ್ದು ಪ್ರಾದೇಶಿಕ ಕಚೇರಿಗೆ, ಇನ್ನೂ ದೊಡ್ಡದು ಪ್ರಧಾನ ಕಚೇರಿಗೆ ಹೋಗುತ್ತದೆ. ಎಲ್ಲ ಅರ್ಜಿಗಳೂ ಪ್ರಧಾನ ಕಚೇರಿಗೇ ಹೋದರೆ ಬ್ಯಾಂಕು ನಡೆಯುವುದಿಲ್ಲ. ಎಲ್ಲವೂ ಶಾಖೆಯಲ್ಲಿಯೇ ಮುಗಿದರೆ ಬ್ಯಾಂಕು ಉಳಿಯುವುದಿಲ್ಲ. ಚಿಕಿತ್ಸೆಯಲ್ಲಿಯೂ ಹಾಗೆಯೇ. ಬ್ರಿಟನ್ನಿನ 'ನೈಸ್' ಸಂಸ್ಥೆ 2018ರ ಡಿಸೆಂಬರಿನಲ್ಲಿ ಹೊರಡಿಸಿದ ಸೂತ್ರಗಳ ಪ್ರಕಾರ, ಘಟನೆಯಾಗಿ ತಿಂಗಳೊಳಗೆ ಸೌಮ್ಯ ಲಕ್ಷಣಗಳು ಮಾತ್ರ ಇದ್ದವರನ್ನು ಗಮನಿಸುತ್ತ ಕಾಯಬಹುದು. ಕಾಯುವುದೆಂದರೆ ಕೈಬಿಡುವುದಲ್ಲ, ಒಂದು ತಿಂಗಳೊಳಗೆ ಮತ್ತೆ ವಿಚಾರಿಸುವ ಏರ್ಪಾಡು ಇರಲೇಬೇಕು. ರೋಗ ನಿಂತವರಿಗೆ ಆಘಾತಕೇಂದ್ರಿತ ಮನೋಚಿಕಿತ್ಸೆ. ಹಲವು ಆಘಾತಗಳಿಗೆ ಸಿಲುಕಿದವರಿಗೆ, ಜಟಿಲ ಸ್ವರೂಪದ ರೋಗವಿರುವವರಿಗೆ ಬೈಠಕ್ಕುಗಳ ಸಂಖ್ಯೆಯೂ ಕಾಲವೂ ಹೆಚ್ಚು. ಇನ್ನೊಂದು ಸಂಗತಿ ಗಮನಾರ್ಹ. ಬ್ರಿಟನ್ನಿನಲ್ಲಿ 2008ರಲ್ಲಿ ಆರಂಭವಾದ ರಾಷ್ಟ್ರೀಯ ಮನೋಚಿಕಿತ್ಸಾ ಯೋಜನೆಯಲ್ಲಿ ಖಿನ್ನತೆ, ಆತಂಕಗಳಿಗೆ ಕೆಳಮೆಟ್ಟಿಲಲ್ಲಿ ಸ್ವಸಹಾಯದ ಪುಸ್ತಕ, ಕಿರು ಸಲಹೆಗಳಿದ್ದವು, ಪಿ.ಟಿ.ಎಸ್.ಡಿ.ಗೆ ಮಾತ್ರ ನೇರವಾಗಿ ಮೇಲ್ಮೆಟ್ಟಿಲೇ ಗತಿ. ನಡುವಿನ ಒಂದು ಮೆಟ್ಟಿಲು ಕಾಣೆಯಾಗಿತ್ತು. ಜನ ಸರದಿಯಲ್ಲಿ ಕಾಯುತ್ತಿದ್ದರು.

ಆ ಮೆಟ್ಟಿಲನ್ನು ಕಟ್ಟಲು ಹೊರಟವರು ವೇಲ್ಸಿನ ಕಾರ್ಡಿಫ್ ವಿಶ್ವವಿದ್ಯಾಲಯದವರು. ಅವರಲ್ಲಿ ಮೇಲೆ ಹೇಳಿದ ಬಿಸ್ಸನ್ ಅವರೂ ಇದ್ದರು. ಅವರು ರಚಿಸಿದ ಗಣಕಯಂತ್ರದ ಚಿಕಿತ್ಸಾಕ್ರಮಕ್ಕೆ 'ಸ್ಪ್ರಿಂಗ್' ಎಂದು ಹೆಸರು. ಅದರಲ್ಲಿ 8 ಹಂತಗಳು. ಮೊದಲಿನ ಹಂತದಲ್ಲಿ ತನ್ನ ಕಾಯಿಲೆ ಏನೆಂದು ತಿಳಿದುಕೊಳ್ಳುವುದು. ಬಳಿಕ ಹಳೆಯ ದೃಶ್ಯ ಎಳೆದೊಯ್ಯುವಾಗ ಕಾಲನ್ನು ವರ್ತಮಾನದಲ್ಲಿ ಊರುವ ಅಭ್ಯಾಸ, ಉಸಿರಾಟದಿಂದ ಆತಂಕವನ್ನು ಹದಗೊಳಿಸುವುದು, ಬಿಟ್ಟುಹೋದ ಹವ್ಯಾಸ ಒಡನಾಟಗಳನ್ನು ಮತ್ತೆ ಹಿಡಿಯುವುದು. ಐದನೆಯ ಹಂತ ಕಠಿಣವಾದದ್ದು: ನಡೆದದ್ದನ್ನು ವಿವರವಾಗಿ ಬರೆದು ಓದಿಕೊಳ್ಳಬೇಕು. ಮುಂದೆ ತಪ್ಪು ತೀರ್ಮಾನಗಳ ತಿದ್ದುಪಡಿ, ಭಯದಿಂದ ದೂರವಿಟ್ಟ ಜಾಗಗಳಿಗೆ ಮರಳುವುದು, ಕೊನೆಯದಾಗಿ ಗುಣವನ್ನು ಉಳಿಸಿಕೊಳ್ಳುವುದು. ರೋಗಿ ತನ್ನ ಮನೆಯಲ್ಲಿ, ತನ್ನ ವೇಳೆಯಲ್ಲಿ ಇವನ್ನು ಮಾಡಿಕೊಳ್ಳಬಹುದು.

ಆದರೆ ಯಂತ್ರವೊಂದೇ ಅಲ್ಲ. ಮೊದಲು ಒಂದು ಗಂಟೆ ಚಿಕಿತ್ಸಕರ ಭೇಟಿ. ಅನಂತರ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆಯಂತೆ 4 ಭೇಟಿಗಳು. ನಡುನಡುವೆ ದೂರವಾಣಿಯಲ್ಲಿ ಒಂದೆರಡು ಮಾತು. ಭೇಟಿಗಳ ಕಾಲ ಒಟ್ಟು 3 ಗಂಟೆ. ಮುಖಾಮುಖಿ ಚಿಕಿತ್ಸೆಗಾದರೆ 60ರಿಂದ 90 ನಿಮಿಷಗಳ 12 ಬೈಠಕ್ಕುಗಳವರೆಗೆ, ಎಂದರೆ 12ರಿಂದ 18 ಗಂಟೆ ಹಿಡಿಯಬಹುದು. ಒಬ್ಬರಿಗೆ ಬೇಕಾದ ಕಾಲದಲ್ಲಿ 4ರಿಂದ 6 ಮಂದಿಯನ್ನು ನೋಡಬಹುದೆಂದಾಯಿತು. ಲೆಕ್ಕ ಆಕರ್ಷಕವೇ, ಆದರೆ ಗುಣವಾದರಲ್ಲವೇ ಉಳಿತಾಯ?

ಇದರ ಪರೀಕ್ಷೆಯ ಫಲ 2022ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದೇ ಆಘಾತದಿಂದ ಸೌಮ್ಯ ಅಥವಾ ಮಧ್ಯಮ ಪ್ರಮಾಣದ ರೋಗಕ್ಕೆ ಗುರಿಯಾದ 196 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಪಂಗಡ ಮಾಡಿ, ಒಂದಕ್ಕೆ 'ಸ್ಪ್ರಿಂಗ್', ಇನ್ನೊಂದಕ್ಕೆ ಮುಖಾಮುಖಿ ಚಿಕಿತ್ಸೆ ಕೊಡಲಾಯಿತು. ರೋಗದ ತೀವ್ರತೆಯನ್ನು 80 ಅಂಕಗಳ ಮಾಪಕದಿಂದ ಅಳೆದರು. ಎರಡರ ಅಂತರ 5 ಅಂಕಗಳನ್ನು ಮೀರದಿದ್ದರೆ ಹೊಸ ಪದ್ಧತಿ ಹಳೆಯದಕ್ಕಿಂತ ಕೀಳಲ್ಲವೆಂದು ಒಪ್ಪುವುದಾಗಿ ಮೊದಲೇ ಗೊತ್ತುಪಡಿಸಿದ್ದರು. 16 ವಾರಗಳ ಕೊನೆಗೆ ಕಂಡ ಅಂತರ ಸುಮಾರು 1 ಅಂಕ ಮಾತ್ರ. ಆಕಸ್ಮಿಕದ ಪಾಲನ್ನು ಸೇರಿಸಿದರೂ 5ರೊಳಗೇ ಉಳಿಯಿತು. ಎರಡೂ ಪಂಗಡಗಳು ಚೆನ್ನಾಗಿ ಸುಧಾರಿಸಿದ್ದವು. ಖರ್ಚು ಮಾತ್ರ 'ಸ್ಪ್ರಿಂಗ್'ನಲ್ಲಿ ಕಡಿಮೆ. ಒಂದು ವರ್ಷದ ಬಳಿಕವೂ ಸುಧಾರಣೆ ಉಳಿದಿತ್ತಾದರೂ, ಆಗಿನ ಅಂತರ ಸುಮಾರು 3 ಅಂಕಗಳಿಗೆ ಏರಿದ್ದು, ಆಕಸ್ಮಿಕದ ಪಾಲು ಸೇರಿದರೆ 5ರ ಗೆರೆಯನ್ನು ದಾಟುವಂತಿತ್ತು. ಆದಕಾರಣ ವರ್ಷಾಂತ್ಯದ ತೀರ್ಪು ಖಚಿತವಾಗಲಿಲ್ಲ; ಮುಖಾಮುಖಿಯ ಕಡೆಗೆ ಕೊಂಚ ವಾಲಿತು. ಅದನ್ನು ಸಂಶೋಧಕರು ಮರೆಮಾಚದೆ ಬರೆದಿರುವುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಆಯವ್ಯಯ ಪತ್ರ ಓದುವವರು ಮೊದಲ ಪುಟದ ಲಾಭವನ್ನಷ್ಟೇ ನೋಡಿ ಪುಸ್ತಕ ಮುಚ್ಚಬಾರದಷ್ಟೆ.

ಏಲರ್ಸ್ ಮತ್ತು ಸಂಗಡಿಗರು ತಮ್ಮ ಚಿಕಿತ್ಸೆಗೆ ಇಂಥದೇ ಅಂತರ್ಜಾಲ ರೂಪ ಕೊಟ್ಟು, ಚಿಕಿತ್ಸಕರ ಬೆಂಬಲದೊಡನೆ 217 ಮಂದಿಯಲ್ಲಿ ಪರೀಕ್ಷಿಸಿ 2023ರಲ್ಲಿ ವರದಿ ಮಾಡಿದರು. ಒತ್ತಡ ನಿರ್ವಹಣೆಯನ್ನಷ್ಟೇ ಕಲಿಸುವ ಇನ್ನೊಂದು ಅಂತರ್ಜಾಲ ಕ್ರಮಕ್ಕಿಂತ ಇದು ಮೇಲೆಂದು ಕಂಡುಬಂದಿತು. ಯಂತ್ರದ ಮೂಲಕ ಏನನ್ನು ಕಲಿಸಲಾಗುತ್ತಿದೆ ಎಂಬುದು ಮುಖ್ಯವೆಂದು ಇದರಿಂದ ತಿಳಿಯುತ್ತದೆ. ಅಮೆರಿಕದಲ್ಲಿ ಮಾಜಿ ಸೈನಿಕರ ಇಲಾಖೆ 2011ರಲ್ಲಿಯೇ 'ಪಿ.ಟಿ.ಎಸ್.ಡಿ. ಕೋಚ್' ಎಂಬ ಮೊಬೈಲ್ ಆ್ಯಪನ್ನು ಉಚಿತವಾಗಿ ಬಿಟ್ಟಿತು. ಅದು ಚಿಕಿತ್ಸೆಗೆ ಜೊತೆಗಾರನೇ ಹೊರತು ಬದಲಿಯಲ್ಲವೆಂದು ಇಲಾಖೆಯೇ ಹೇಳುತ್ತದೆ. ಆಕ್ಸ್‌ಫರ್ಡಿನ ಆಸ್ಪತ್ರೆಯೊಂದರಲ್ಲಿ ರಸ್ತೆ ಅಪಘಾತದಿಂದ ಬಂದವರಿಗೆ, ಅಪಘಾತವನ್ನು ಅರೆಗಳಿಗೆ ನೆನಪಿಸಿ, ಮಕ್ಕಳಾಡುವ 'ಟೆಟ್ರಿಸ್' ಎಂಬ ಇಟ್ಟಿಗೆ ಜೋಡಿಸುವ ಆಟವನ್ನು ಆಡಿಸಿದಾಗ ಮುಂದಿನ ವಾರದಲ್ಲಿ ನುಗ್ಗಿಬರುವ ದೃಶ್ಯಗಳು ಕಡಿಮೆಯಾದವೆಂಬ 2018ರ ವರದಿ ಕುತೂಹಲಕರ. ದೃಶ್ಯ ನೆಲೆಯೂರುವ ಹೊತ್ತಿಗೆ ಕಣ್ಣಿನ ಮನಸ್ಸಿಗೆ ಬೇರೆ ಕೆಲಸ ಕೊಟ್ಟರೆ ಅದರ ಹಿಡಿತ ಸಡಿಲುತ್ತದೆಂಬುದು ಇದರ ಹಿಂದಿನ ಊಹೆ. ಪರೀಕ್ಷೆ ಚಿಕ್ಕದು, ಮಗನ ಕೈಯ ಮೊಬೈಲನ್ನು ಔಷಧವೆಂದು ಸಮರ್ಥಿಸಲು ಇದು ಸಾಲದು.

ಇನ್ನು ಭಾರತದ ವಿಚಾರ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ಬೇರೆ ಬೇರೆ ಮನೋರೋಗಗಳಲ್ಲಿ ಚಿಕಿತ್ಸೆ ದೊರೆಯದವರು ನೂರಕ್ಕೆ 70ರಿಂದ 92. ಲಕ್ಷ ಜನಸಂಖ್ಯೆಗೆ ಒಬ್ಬ ಮನೋವೈದ್ಯರೂ ಇಲ್ಲದ ದೇಶದಲ್ಲಿ ಮೆಟ್ಟಿಲು ಪದ್ಧತಿ ಒಂದು ಆಯ್ಕೆಯಲ್ಲ, ಅನಿವಾರ್ಯ. ಈ ಅನಿವಾರ್ಯವನ್ನು ಬೇಗನೆ ಗ್ರಹಿಸಿದ ಸಂಸ್ಥೆಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಒಂದೆಂಬುದು ಕನ್ನಡಿಗರಿಗೆ ಅಭಿಮಾನದ ವಿಷಯ. 1984ರ ಡಿಸೆಂಬರಿನ ಭೋಪಾಲ ಅನಿಲ ದುರಂತದ ಬಳಿಕ ಅಲ್ಲಿನ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತು ಸಹೋದ್ಯೋಗಿಗಳು ಭೋಪಾಲದ ಸಾಮಾನ್ಯ ವೈದ್ಯರಿಗೇ ಮನೋರೋಗ ಗುರುತಿಸುವ ತರಬೇತಿ ಕೊಟ್ಟು ಕೈಪಿಡಿಯನ್ನೂ ರಚಿಸಿದರು. ಅದೇ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಎಂಬ ಕೇಂದ್ರ ಸರ್ಕಾರದ ದೂರವಾಣಿ ಸೇವೆಯ ಹಿಂದೆಯೂ ನಿಮ್ಹಾನ್ಸ್ ಇದೆ. 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿಗೂ ಉಚಿತವಾಗಿ ಕರೆ ಮಾಡಬಹುದು. ಮೊದಲ ಮೆಟ್ಟಿಲಲ್ಲಿ ತರಬೇತಾದ ಸಲಹೆಗಾರರು. ಅವರಿಂದ ಬಗೆಹರಿಯದ್ದು ಮೇಲಿನ ಮೆಟ್ಟಿಲಿನ ಮನೋವೈದ್ಯರಿಗೆ, ಜಿಲ್ಲಾ ಕಾರ್ಯಕ್ರಮಕ್ಕೆ ಅಥವಾ ವೈದ್ಯಕೀಯ ಕಾಲೇಜಿಗೆ. ಭಾಷೆಯನ್ನು ಆರಿಸಿಕೊಳ್ಳುವ ಅನುಕೂಲವಿದ್ದು, ಆ 20 ಭಾಷೆಗಳಲ್ಲಿ ಕನ್ನಡವೂ ಒಂದು. ಹೊರನಾಡಿನ ಕನ್ನಡಿಗರಿಗೆ ಇದು ಸಣ್ಣ ಮಾತಲ್ಲ. ಮಾರ್ಕೆಟಿನಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷು, ಟ್ಯಾಕ್ಸಿಯಲ್ಲಿ ಹಿಂದಿ ಆಡಿ ಸೈ ಎನಿಸಿಕೊಂಡವರಿಗೂ ಎದೆಯೊಳಗಿನ ಕಳವಳವನ್ನು ಹೇಳುವಾಗ ನಾಲಗೆ ತಡವರಿಸುತ್ತದೆ. 'ಜೀವ ಝಲ್ಲೆಂದಿತು', 'ಕೈಕಾಲು ಆಡಲಿಲ್ಲ', 'ಹೊಟ್ಟೆಯೊಳಗೆ ತಳಮಳ' ಎಂಬುದನ್ನು ಪರಭಾಷೆಯಲ್ಲಿ ಹೇಳಹೋದರೆ ತಲೆನೋವು, ಹೊಟ್ಟೆನೋವು ಎಂದಾಗಿ, ಔಷಧವೂ ತಲೆಗೆ ಹೊಟ್ಟೆಗೆ ಸಿಕ್ಕಿ, ಮನಸ್ಸು ಹಾಗೆಯೇ ಉಳಿಯುತ್ತದೆ. 'ಸ್ಪ್ರಿಂಗ್'ನಂಥ ಕ್ರಮದಲ್ಲಿ ನಡೆದದ್ದನ್ನು ಸ್ವಂತ ಮಾತಿನಲ್ಲಿ ಬರೆಯಬೇಕಾಗುತ್ತದೆ. ಅದು ಇಂಗ್ಲಿಷಿನಲ್ಲಿ ರಚಿತವಾದದ್ದು. ನಗರಗಳ ಕನ್ನಡ ಸಂಘಗಳಲ್ಲಿ ಮನಶ್ಶಾಸ್ತ್ರ ಓದಿದವರು, ನಿವೃತ್ತ ವೈದ್ಯರು ಇದ್ದೇ ಇದ್ದಾರೆ. ಯಂತ್ರದ ಪಕ್ಕದಲ್ಲಿ ಕೂರುವ ಆ ಮೂರು ಗಂಟೆಯ ಮನುಷ್ಯರನ್ನು ಅವರ ನಡುವಿನಿಂದ ತರಬೇತುಗೊಳಿಸುವುದು ರಾಜ್ಯೋತ್ಸವದ ಶಾಮಿಯಾನಕ್ಕಿಂತ ಹೆಚ್ಚು ಖರ್ಚಿನ ಕೆಲಸವೇನೂ ಅಲ್ಲ.

ಯಂತ್ರದ ಮಿತಿಗಳನ್ನೂ ಹೇಳಬೇಕು. ಚಾಳಿನ ಒಂದೇ ಕೋಣೆಯಲ್ಲಿ ಆರು ಜನ ಇರುವಾಗ ಬಲಾತ್ಕಾರಕ್ಕೆ ಅಥವಾ ಗಂಡನ ಹೊಡೆತಕ್ಕೆ ಸಿಲುಕಿದ ಹೆಣ್ಣುಮಗಳೊಬ್ಬಳು ತನ್ನ ಕಥೆಯನ್ನು ಮನೆಮಂದಿಯೆಲ್ಲ ಬಳಸುವ ಮೊಬೈಲಿನಲ್ಲಿ ಬರೆಯುವುದೆಂತು? ಅಪಾಯ ಮುಗಿದಿಲ್ಲದ ಮನೆಯಲ್ಲಿ ಮೊದಲು ಬೇಕಾದದ್ದು ರಕ್ಷಣೆ. ಜೊತೆಗಾರರಿಲ್ಲದ ಆ್ಯಪುಗಳನ್ನು ಉತ್ಸಾಹದಿಂದ ತೊಡಗಿ ನಡುವೆ ಕೈಬಿಡುವವರು ಬಹಳ. ಮಾರುಕಟ್ಟೆಯಲ್ಲಿ ದಿನಕ್ಕೊಂದರಂತೆ ಬರುವ, ಪರೀಕ್ಷೆಗೊಳಪಡದ ಆ್ಯಪುಗಳು ಬರೆದುಕೊಂಡ ಗುಟ್ಟನ್ನು ಎಲ್ಲಿ ಇಡುತ್ತವೆಂಬುದನ್ನು ಕೇಳದೆ ಒಪ್ಪಿಗೆಯ ಗುಂಡಿ ಒತ್ತುವುದು ಕೋರಾ ಚೆಕ್ಕಿಗೆ ಸಹಿ ಹಾಕಿದಂತೆ. ನೈಸ್ ಸಂಸ್ಥೆಯೂ ಗಣಕಯಂತ್ರದ ಚಿಕಿತ್ಸೆಯನ್ನು ಘಟನೆಯಾಗಿ 3 ತಿಂಗಳು ಕಳೆದ ಮೇಲೆ ಬಂದ ವಯಸ್ಕರಿಗೆ, ಅದೂ ಅವರೇ ಅದನ್ನು ಬಯಸಿದರೆ ಮಾತ್ರ ಹೇಳುತ್ತದೆ. ತೀವ್ರ ಲಕ್ಷಣಗಳಿರುವವರು, ತಾವೆಲ್ಲಿದ್ದೇವೆಂಬ ಪರಿವೆಯೇ ತಪ್ಪುವವರು, ತಮಗೆ ಅಥವಾ ಇತರರಿಗೆ ಹಾನಿ ಮಾಡಿಕೊಳ್ಳುವ ಭಯವಿರುವವರು ಈ ಮೆಟ್ಟಿಲಿನವರಲ್ಲ. ಸಾಯುವ ಮಾತು ಬಂದಲ್ಲಿ ಮೆಟ್ಟಿಲುಗಳನ್ನು ಎಣಿಸುತ್ತ ಕೂರದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಔಷಧಗಳ ಬಗ್ಗೆ ಒಂದೆರಡು ಮಾತು. ಸರ್ಟ್ರಲಿನ್, ವೆನ್ಲಫ್ಯಾಕ್ಸಿನ್ ಮುಂತಾದ ಖಿನ್ನತೆ ನಿವಾರಕ ಮಾತ್ರೆಗಳು ಕೆಲವರಿಗೆ ಉಪಯುಕ್ತ; ವೈದ್ಯರು ಬರೆದುಕೊಟ್ಟರೆ ಅಂಜಬೇಕಾಗಿಲ್ಲ. ಆದರೆ ಆಘಾತವಾದ ಕೂಡಲೇ ನಿದ್ದೆಗೆಂದು ಡಯಜೆಪಾಮ್, ಆಲ್ಪ್ರಜೋಲಾಮ್ ಜಾತಿಯ ಮಾತ್ರೆಗಳನ್ನು ಔಷಧದಂಗಡಿಯಿಂದ ತಂದು ನುಂಗುವುದರಿಂದ ರೋಗ ತಡೆಯುವುದಿಲ್ಲ; ಅಭ್ಯಾಸ ಮಾತ್ರ ಅಂಟೀತು. ಮದ್ಯದ ವಿಷಯ ಹೇಳಬೇಕಾಗಿಲ್ಲ.

ಹಣದ ಪ್ರಶ್ನೆ ಉಳಿಯಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯ 21ನೆಯ ಪ್ರಕರಣ, ದೈಹಿಕ ಕಾಯಿಲೆಗೆ ಇರುವ ನೆಲೆಯಲ್ಲಿಯೇ ಮನೋರೋಗಕ್ಕೂ ವೈದ್ಯಕೀಯ ವಿಮೆಯ ಸೌಲಭ್ಯ ಇರಬೇಕೆಂದು ವಿಮಾ ಕಂಪನಿಗಳಿಗೆ ವಿಧಿಸುತ್ತದೆ. ಆದರೆ ಆರೋಗ್ಯ ವಿಮೆಯ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಯಲ್ಲಿ ದಾಖಲಾದಾಗಿನ ವೆಚ್ಚವನ್ನು ಕುರಿತವು; ಮನೋಚಿಕಿತ್ಸೆಯಾದರೋ ಹೊರರೋಗಿಯಾಗಿ ವಾರಕ್ಕೊಮ್ಮೆ ಹೋಗಿಬರುವಂಥದು. ಆದ್ದರಿಂದ ಪಾಲಿಸಿಯನ್ನು ನವೀಕರಿಸುವಾಗ ಹೊರರೋಗಿ ವೆಚ್ಚದ ಕಲಮು ಇದೆಯೇ, ಇದ್ದರೆ ಅದರಲ್ಲಿ ಮನೋಚಿಕಿತ್ಸೆ ಸೇರಿದೆಯೇ ಎಂದು ಏಜೆಂಟರನ್ನು ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲಿ ಪಡೆದು, ಪಾಲಿಸಿಯ ಜೊತೆಯಲ್ಲಿಯೇ ಇಟ್ಟುಕೊಳ್ಳುವುದು ಒಳ್ಳೆಯದು.